ಯಕೃತ್ತಿನ ಶಾಖಚಿಕಿತ್ಸೆಯ ತರುವಾಯ ಕಣ್ಣು ಹಳದಿಯಾದರೆ

ನಮ್ಮ ಶರೀರದ ಅಂಗಗಳಲ್ಲಿ ಯಕೃತ್ತಿನಷ್ಟು ಬಹುವಿಧ ಕಾರ್ಯಗಳನ್ನು ಸದ್ದಿಲ್ಲದೆ ನಿರ್ವಹಿಸುವ ಅಂಗ ಬೇರೊಂದಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಆ ಯಕೃತ್ತಿಗೆ ಕ್ಯಾನ್ಸರ್ ತಗಲಿದಾಗ ಶಸ್ತ್ರಕ್ರಿಯೆಯಿಲ್ಲದೆ ಶಾಖದಿಂದ ಗಡ್ಡೆಯನ್ನು ಸುಡುವ ಚಿಕಿತ್ಸೆ ಇಂದು ಅನೇಕರಿಗೆ ಲಭಿಸುತ್ತಿದೆ. ಇದರ ಅನಂತರ ಕೆಲವರಲ್ಲಿ ತಲೆದೋರುವ ಪಿತ್ತನಾಳದ ತೊಂದರೆಯ ಬಗ್ಗೆ ಮನೆಮಂದಿಗೆ ತಿಳಿವಳಿಕೆ ಇರಬೇಕೆಂಬುದೇ ಈ ಲೇಖನದ ಉದ್ದೇಶ. ನಾವು ವೈದ್ಯರಲ್ಲ, ಹಳ್ಳಿಯ ಶಾಲೆಯ ಮುಖ್ಯೋಪಾಧ್ಯಾಯರು. ಆದರೆ ಊರಿನವರು ಆಸ್ಪತ್ರೆಯ ಕಾಗದಗಳನ್ನು ತಂದು ಓದಿಸಿಕೊಳ್ಳುವುದು ಶಾಲೆಯಲ್ಲಿಯೇ ಆದುದರಿಂದ, ವೈದ್ಯರು ಹೇಳುವುದನ್ನು ಕೇಳಿ ಅರಿತು ಸುಲಭವಾಗಿ ತಿಳಿಸುವುದು ನಮ್ಮ ವೃತ್ತಿಧರ್ಮವೆಂದು ಭಾವಿಸಿದ್ದೇವೆ.

ಪಿತ್ತದ ಕಾಲುವೆಗಳು

ಬಲಪಕ್ಕೆಯ ಎಲುಬುಗಳ ಮರೆಯಲ್ಲಿರುವ ಯಕೃತ್ತು ದಿನವೊಂದಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪಿತ್ತರಸವನ್ನು ಸ್ರವಿಸುತ್ತದೆ. ಗದ್ದೆಗಳ ಬಸಿಗಾಲುವೆಗಳು ಒಂದನ್ನೊಂದು ಕೂಡಿಕೊಂಡು ಹಳ್ಳವಾಗುವಂತೆ, ಕೂದಲೆಳೆಯಂತಹ ನಾಳಗಳು ಕೂಡಿ ಎಡ ಮತ್ತು ಬಲ ನಾಳಗಳಾಗಿ, ಯಕೃತ್ತಿನ ಬಾಗಿಲಲ್ಲಿ ಒಂದಾಗಿ, ಸಣ್ಣ ಕರುಳಿನ ಮೊದಲ ಭಾಗವನ್ನು ಸೇರುತ್ತವೆ. ಆಹಾರದ ಜಿಡ್ಡನ್ನು ಜೀರ್ಣಿಸಲು ಪಿತ್ತವು ಬೇಕು. ಮಲಕ್ಕೆ ಬಣ್ಣ ಬರುವುದೂ ಇದರಿಂದಲೇ. ಕಾಲುವೆ ಕಟ್ಟಿದರೆ ಹಳದಿ ಅಂಶವು ರಕ್ತಕ್ಕೆ ಮರಳಿ ಕಣ್ಣಿಗೂ ಚರ್ಮಕ್ಕೂ ಏರುತ್ತದೆ.

ಶಾಖದ ಕೆಲಸ

ಯಕೃತ್ತಿನ ಕ್ಯಾನ್ಸರ್ ಬಂದವರಲ್ಲಿ ಅನೇಕರ ಯಕೃತ್ತು ಅದಕ್ಕೆ ಮೊದಲೇ ಹೆಪಟೈಟಿಸ್ ಸೋಂಕಿನಿಂದಲೋ ಮದ್ಯಪಾನದಿಂದಲೋ ಗಡುಸಾಗಿ ಶಕ್ತಿಗುಂದಿರುತ್ತದೆ. ಅಂತಹವರಿಗೆ ದೊಡ್ಡ ಶಸ್ತ್ರಕ್ರಿಯೆ ತಾಳಲಾಗದಿರಬಹುದು. 1990ರ ದಶಕದಲ್ಲಿ ಬಳಕೆಗೆ ಬಂದ ರೇಡಿಯೋ ತರಂಗದ ಚಿಕಿತ್ಸೆಯೂ ಮೈಕ್ರೋವೇವ್ ಚಿಕಿತ್ಸೆಯೂ ಇವರಿಗೆ ವರವಾಗಿವೆ. ಸ್ಕ್ಯಾನಿಂಗ್ ಯಂತ್ರದಲ್ಲಿ ನೋಡುತ್ತ, ಚರ್ಮದ ಮೂಲಕ ಸೂಜಿಯನ್ನು ಗಡ್ಡೆಯೊಳಕ್ಕೆ ಇಳಿಸಿ ಕಾಯಿಸುತ್ತಾರೆ. 60 ಡಿಗ್ರಿ ಸೆಲ್ಸಿಯಸ್ ಮೀರಿದೊಡನೆ ಜೀವಕೋಶಗಳು ಸಾಯುತ್ತವೆ. ಗಡ್ಡೆಯು 3 ಸೆಂಟಿಮೀಟರಿಗಿಂತ ಚಿಕ್ಕದಿದ್ದಾಗ ಫಲ ಹೆಚ್ಚು.

ಈ ಚಿಕಿತ್ಸೆಗೆ ಹೆದರಬೇಕಾಗಿಲ್ಲ. 2003ರಲ್ಲಿ ಪ್ರಕಟವಾದ ಇಟಲಿಯ 41 ಆಸ್ಪತ್ರೆಗಳ ವರದಿಯಲ್ಲಿ, ರೇಡಿಯೋ ತರಂಗದ ಚಿಕಿತ್ಸೆ ಪಡೆದ 2,320 ರೋಗಿಗಳ ಪೈಕಿ ತೀರಿಕೊಂಡವರು 6 ಮಂದಿ. ಎಲ್ಲ ಬಗೆಯ ದೊಡ್ಡ ತೊಂದರೆಗಳೂ ಸೇರಿ ನೂರಕ್ಕೆ ಸುಮಾರು 2 ಮಂದಿಗೆ ಮಾತ್ರ ಬಾಧೆಯಾಗಿತ್ತು.

ನಾಳಕ್ಕೇ ಏಕೆ ಪೆಟ್ಟು?

ಯಕೃತ್ತಿನಲ್ಲಿ ರಕ್ತನಾಳಗಳೂ ಪಿತ್ತನಾಳಗಳೂ ಜೊತೆಜೊತೆಯಾಗಿಯೇ ಸಾಗುತ್ತವೆ. ಗಡ್ಡೆಯನ್ನು ಕಾಯಿಸುವಾಗ ರಕ್ತನಾಳವು ಪಾರಾಗಿ ಪಿತ್ತನಾಳವು ಸುಡುವುದೇಕೆ? ಹರಿಯುವ ಹೊಳೆಯ ಅಂಚಿನಲ್ಲಿ ಬೆಂಕಿ ಹಾಕಿದರೆ ನೀರು ಕಾಯುವುದಿಲ್ಲ. ನಿಂತ ನೀರಿನ ಹೊಂಡವಾದರೆ ಬೇಗ ಕಾಯುತ್ತದೆ. ದೊಡ್ಡ ರಕ್ತನಾಳದಲ್ಲಿ ರಭಸದಿಂದ ಹರಿಯುವ ರಕ್ತವು ಶಾಖವನ್ನು ಒಯ್ದುಬಿಡುತ್ತದೆ. ಪಿತ್ತದ ಹರಿವಾದರೋ ಬಲು ನಿಧಾನ.

ಸುಟ್ಟ ಕೈಯ ಗಾಯ ಮಾಗಿದ ಮೇಲೆ ಚರ್ಮವು ಮುದುಡುವುದಿಲ್ಲವೆ? ಹಾಗೆಯೇ ನಾಳದ ಗಾಯವೂ ಮಾಗುತ್ತ ಮಾಗುತ್ತ ನಾಳವನ್ನು ಕಿರಿದಾಗಿಸುತ್ತದೆ. ಆದುದರಿಂದಲೇ ತೊಂದರೆಯು ಚಿಕಿತ್ಸೆಯ ದಿನ ಕಾಣದೆ, ವಾರಗಳ ಅಥವಾ ತಿಂಗಳುಗಳ ಅನಂತರ, ಎಲ್ಲರೂ ನಿಶ್ಚಿಂತರಾಗಿರುವಾಗ ಕಾಣಿಸಬಹುದು. ಕೆಲವೊಮ್ಮೆ ನಾಳವು ತೂತಾಗಿ ಪಿತ್ತವು ಸೋರಿ ಒಂದೆಡೆ ಸಂಗ್ರಹವಾಗುತ್ತದೆ; ಸೋಂಕು ತಗಲಿದರೆ ಕೀವುಗಟ್ಟುತ್ತದೆ. ಗಡ್ಡೆಯು ಯಕೃತ್ತಿನ ಬಾಗಿಲಿನ ದೊಡ್ಡ ನಾಳಗಳ ಸಮೀಪವಿದ್ದರೆ ಅಪಾಯ ಅಧಿಕ. ಪಿತ್ತನಾಳವನ್ನು ಕರುಳಿಗೆ ಜೋಡಿಸುವ ಶಸ್ತ್ರಕ್ರಿಯೆ ಹಿಂದೆ ಆಗಿದ್ದವರಲ್ಲಿ ಕರುಳಿನ ಕ್ರಿಮಿಗಳು ಮೇಲೇರುವುದರಿಂದ ಕೀವಿನ ಭಯ ಹೆಚ್ಚು. ಇದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಗಮನಿಸಬೇಕಾದ ಚಿಹ್ನೆಗಳು

ಚಿಕಿತ್ಸೆಯಾದ ಮೊದಲ ಕೆಲವು ದಿನ ಸಣ್ಣ ಜ್ವರ, ಆಯಾಸ, ಪಕ್ಕೆನೋವು ಇರುವುದು ಸಾಮಾನ್ಯ. ಆದರೆ ಚಳಿನಡುಕದ ಜ್ವರ ಬಂದರೆ, ಇಳಿದ ಜ್ವರ ಮರುಕಳಿಸಿದರೆ, ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿ ಮಲ ಬಿಳಿಚಿಕೊಂಡರೆ, ಮೈಯೆಲ್ಲ ತುರಿಸಿದರೆ, ಬಲಪಕ್ಕೆಯ ನೋವು ಹೆಚ್ಚಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಇಲ್ಲಿಯೇ ನಮ್ಮ ಹಳ್ಳಿಗಳ ಒಂದು ರೂಢಿ ಅಪಾಯಕ್ಕೆ ಎಡೆಮಾಡುತ್ತದೆ. ಕಣ್ಣು ಹಳದಿಯಾಯಿತೆಂದರೆ ನಾಟಿ ಔಷಧ, ಉಪ್ಪಿಲ್ಲದ ಪಥ್ಯ, ಕೆಲವೆಡೆ ಬರೆ ಎಳೆಯುವುದು ಕೂಡ! ಕಲುಷಿತ ನೀರಿನಿಂದ ಬರುವ ಕಾಮಾಲೆಯು ಬಹುಪಾಲು ತಾನಾಗಿಯೇ ಇಳಿಯುವುದರಿಂದ ಆ ಕೀರ್ತಿ ಸೊಪ್ಪಿಗೆ ಸಲ್ಲುತ್ತದೆ. ಆದರೆ ಕಟ್ಟಿದ ನಾಳವನ್ನು ಯಾವ ಸೊಪ್ಪೂ ತೆರೆಯಲಾರದು. ಪಥ್ಯದಲ್ಲಿ ಕಳೆದ ದಿನಗಳಲ್ಲಿ ಸೋಂಕು ರಕ್ತಕ್ಕೆ ಹಬ್ಬಿದರೆ, ಮೊದಲೇ ಸೊರಗಿದ ಯಕೃತ್ತು ಅದನ್ನು ತಡೆದುಕೊಳ್ಳಲಾರದು.

ಪರಿಹಾರವುಂಟು

ಕಾಮಾಲೆಗೆ ಕಾರಣ ಹಲವು. ಗಡ್ಡೆ ಬೆಳೆದಿರಬಹುದು, ಯಕೃತ್ತೇ ಸೋತಿರಬಹುದು. ರಕ್ತಪರೀಕ್ಷೆಯೂ ಸ್ಕ್ಯಾನಿಂಗೂ ಇದನ್ನು ನಿರ್ಧರಿಸುತ್ತವೆ. ನಾಳ ಕಿರಿದಾಗಿದ್ದರೆ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಸ್ಟೆಂಟ್ ಎಂಬ ಸಣ್ಣ ಕೊಳವೆಯನ್ನು ಇಡುತ್ತಾರೆ. ಅದಾಗದಿದ್ದರೆ ಪಕ್ಕೆಯ ಮೂಲಕ ಪಿತ್ತವನ್ನು ಹೊರಗೆ ಬಸಿಯುತ್ತಾರೆ. ಕೀವಿಗೆ ಆಂಟಿಬಯೋಟಿಕ್ ಔಷಧವೂ ಕೊಳವೆಯೂ ಬೇಕು. ಸಣ್ಣ ಕವಲೊಂದು ಮಾತ್ರ ಕಿರಿದಾಗಿ ರೋಗಿಗೆ ಬಾಧೆಯಿಲ್ಲದಿದ್ದರೆ ಕಾದು ನೋಡುವುದೇ ಸಾಕಾಗುವುದುಂಟು. ಗಡ್ಡೆಯು ದೊಡ್ಡ ನಾಳಕ್ಕೆ ತೀರ ಹತ್ತಿರವಿದ್ದರೆ, ನಾಳದೊಳಗೆ ತಣ್ಣನೆಯ ಲವಣಜಲ ಹರಿಸಿ ರಕ್ಷಿಸುವ ಕ್ರಮವಿದೆ. ಶಾಖವನ್ನೇ ಬಿಟ್ಟು ಬೇರೆ ಚಿಕಿತ್ಸೆಯನ್ನು ಆರಿಸುವುದೂ ಉಂಟು. “ಗಡ್ಡೆಯು ಪಿತ್ತನಾಳಕ್ಕೆ ಎಷ್ಟು ಸಮೀಪವಿದೆ?” ಎಂದು ಮೊದಲೇ ಕೇಳುವುದು ಮನೆಯವರ ಹಕ್ಕು.

ಗಡಿನಾಡಿನವರಿಗೆ ಒಂದು ಮಾತು

ಕಾಸರಗೋಡಿನವರು ಮಂಗಳೂರಿಗೆ, ಹೊಸೂರಿನವರು ಬೆಂಗಳೂರಿಗೆ, ಆದೋನಿಯವರು ಕರ್ನೂಲಿಗೋ ಬಳ್ಳಾರಿಗೋ ಹೋಗಿ ಚಿಕಿತ್ಸೆ ಪಡೆದು ಬರುವುದುಂಟು. ಜ್ವರ ಬಂದಾಗ ನೋಡುವವರು ಹತ್ತಿರದ ಬೇರೆ ವೈದ್ಯರು. ಹಿಂದಿನ ಚಿಕಿತ್ಸೆಯನ್ನು ತಿಳಿಸದಿದ್ದರೆ ಅವರು ಇದನ್ನು ಸಾಧಾರಣ ಕಾಮಾಲೆಯೆಂದೇ ಬಗೆಯಬಹುದು. ಆದ್ದರಿಂದ ಚಿಕಿತ್ಸೆಯ ದಿನಾಂಕ, ವಿಧಾನ, ಗಡ್ಡೆಯಿದ್ದ ಜಾಗ, ಆಸ್ಪತ್ರೆಯ ದೂರವಾಣಿ ಸಂಖ್ಯೆ ಇವುಗಳನ್ನು ಒಂದು ಹಾಳೆಯಲ್ಲಿ ಬರೆದು ಸ್ಕ್ಯಾನಿಂಗ್ ವರದಿಯೊಡನೆ ಇರಿಸಿಕೊಳ್ಳಬೇಕು. ಕಾಮಾಲೆಗೆ ಮಲಯಾಳದಲ್ಲಿ ಮಞ್ಞಪ್ಪಿತ್ತಂ, ತಮಿಳಿನಲ್ಲಿ ಮಂಜಳ್ ಕಾಮಾಲೈ, ತೆಲುಗಿನಲ್ಲಿ ಪಚ್ಚಕಾಮೆರ್ಲು, ಮರಾಠಿಯಲ್ಲಿ ಕಾವೀಳ ಎನ್ನುತ್ತಾರೆ. ಯಾವ ನುಡಿಯಲ್ಲಾದರೂ ಸರಿ, “ಯಕೃತ್ತಿನ ಗಡ್ಡೆಯನ್ನು ಶಾಖದಿಂದ ಸುಡಿಸಿದ್ದೇವೆ, ಈಗ ಕಣ್ಣು ಹಳದಿಯಾಗಿದೆ” ಎಂಬ ಒಂದು ವಾಕ್ಯವನ್ನು ವೈದ್ಯರ ಕಿವಿಗೆ ಹಾಕಿದರೆ ಅರ್ಧ ಕೆಲಸವಾದಂತೆ. ಮನೆಯ ಮಕ್ಕಳಲ್ಲಿ ಒಬ್ಬರಿಗಾದರೂ ಇದನ್ನು ಹೇಳಿಕೊಟ್ಟಿರುವುದು ಲೇಸು.