ಖಾಸಗಿ ಪ್ರಾಥಮಿಕ ಶಾಲೆಯ ಗುಣದೋಷಗಳು: ಗುಂಡ್ಯದ ಸುತ್ತಣ ಪ್ರದೇಶವನ್ನು ಕುರಿತ ಒಂದು ವಿವೇಚನೆ

ಪ್ರಾಥಮಿಕ ವಿದ್ಯಾಭ್ಯಾಸವು ಸರಕಾರದ ಕೈಯಲ್ಲಿರಬೇಕೆ, ಖಾಸಗಿಯವರ ಕೈಯಲ್ಲಿರಬೇಕೆ ಎಂಬ ಪ್ರಶ್ನೆಯನ್ನು ತತ್ತ್ವದ ಮಟ್ಟದಲ್ಲಿಯೇ ಚರ್ಚಿಸುವುದು ವಾಡಿಕೆಯಾಗಿದೆ. ಒಂದು ಪಕ್ಷದವರು ಶಿಸ್ತು, ಇಂಗ್ಲಿಷು, ಫಲಿತಾಂಶಗಳನ್ನು ಎತ್ತಿ ಹೇಳುತ್ತಾರೆ. ಇನ್ನೊಂದು ಪಕ್ಷದವರು ಸಮಾನತೆ, ಮಾತೃಭಾಷೆ, ಹಕ್ಕುಗಳನ್ನು ಎತ್ತಿ ಹೇಳುತ್ತಾರೆ. ಇತಿಹಾಸದ ಅಭ್ಯಾಸಿಗಳು ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಯಾವ ಊರಿನಲ್ಲಿ, ಯಾವ ಕಾಲದಲ್ಲಿ, ಯಾರ ಖರ್ಚಿನಿಂದ ನಡೆಯುವ ಖಾಸಗಿ ಶಾಲೆ? ಈ ದೃಷ್ಟಿಯಿಂದ, ಶಿರಾಡಿ ಘಟ್ಟದ ಬುಡದಲ್ಲಿರುವ ಗುಂಡ್ಯ ಮತ್ತು ಅದರ ಸುತ್ತಣ ಪ್ರದೇಶವನ್ನು ಮುಂದಿಟ್ಟುಕೊಂಡು ನಾವು ಈ ವಿಷಯವನ್ನು ಇಲ್ಲಿ ವಿವೇಚಿಸುತ್ತೇವೆ.

ಗುಂಡ್ಯವು ಹಿಂದೆ ಪುತ್ತೂರು ತಾಲೂಕಿನಲ್ಲಿದ್ದು ಈಗ ಕಡಬ ತಾಲೂಕಿಗೆ ಸೇರಿದೆ. ಮಂಗಳೂರು-ಬೆಂಗಳೂರು ಹೆದ್ದಾರಿಯಿಂದ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿ ಇಲ್ಲಿ ಕವಲೊಡೆಯುತ್ತದೆ. ಇಲ್ಲಿನ ಹೊಳೆಯು ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಬೆರೆಯುತ್ತದೆ. ಘಟ್ಟದ ಮೇಲಣ ಬಯಲುಸೀಮೆಯಂತೆ ಮನೆಗಳು ಒತ್ತಾಗಿ ಸೇರಿದ ಊರುಗಳು ತುಳುನಾಡಿನಲ್ಲಿ ವಿರಳ. ಒಂದೊಂದು ಮನೆಯೂ ತನ್ನ ತೋಟದ ನಡುವೆ, ನೆರೆಮನೆಯಿಂದ ಗುಡ್ಡವೋ ತೋಡೋ ಅಡ್ಡವಾಗುವಂತೆ ನಿಂತಿದೆ. ಜೂನ್ ತಿಂಗಳಲ್ಲಿ ಶಾಲೆಗಳು ಆರಂಭವಾಗುವ ಹೊತ್ತಿಗೇ ಮಳೆಯೂ ಹಿಡಿಯುತ್ತದೆ. ಇಂತಹ ನಾಡಿನಲ್ಲಿ ಶಾಲೆಯು ಹತ್ತಿರದಲ್ಲಿದೆಯೋ ದೂರದಲ್ಲಿದೆಯೋ ಎಂಬುದೇ, ಆರು ವರುಷದ ಮಗುವಿನ ಮಟ್ಟಿಗೆ, ಶಾಲೆಯು ಉಂಟೋ ಇಲ್ಲವೋ ಎಂಬುದನ್ನು ನಿರ್ಣಯಿಸುತ್ತದೆ.

ಈ ಜಿಲ್ಲೆಯಲ್ಲಿ ಶಿಕ್ಷಣವು ಮೊದಲಿನಿಂದಲೂ ಖಾಸಗಿಯಾಗಿಯೇ ಇದ್ದಿತು. ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ 1822ರಲ್ಲಿ ಪ್ರಾಂತದ ಎಲ್ಲ ಕಲೆಕ್ಟರುಗಳಿಂದ ದೇಶೀಯ ಶಾಲೆಗಳ ಲೆಕ್ಕವನ್ನು ಕೇಳಿದನು. ಉಳಿದ ಜಿಲ್ಲೆಗಳಿಂದ ಪಟ್ಟಿಗಳು ಬಂದರೂ ಕೆನರಾದ ಕಲೆಕ್ಟರನು ಅಂತಹ ಪಟ್ಟಿಯನ್ನು ಸಲ್ಲಿಸಲಿಲ್ಲ. ಇಲ್ಲಿ ನೆಲೆನಿಂತ ಶಾಲೆಗಳಿಲ್ಲ, ಮಕ್ಕಳಿಗೆ ಪಾಠವಾಗುವುದು ಖಾಸಗಿಯಾಗಿ ಮನೆಗಳಲ್ಲಿ ಎಂಬುದು ಅವನ ಉತ್ತರದ ಸಾರಾಂಶ. ಮುಂದೆ ಐಗಳ ಮಠಗಳೆಂದು ಹೆಸರಾದವೂ ಇದೇ ಬಗೆಯವು. ಹೊಯಿಗೆಯ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಐಗಳಿಗೆ ಮಕ್ಕಳ ತಂದೆತಾಯಿಗಳು ಕೊಟ್ಟುದೇ ಜೀವನಾಧಾರ. ಕೊಡಬಲ್ಲವರ ಮನೆಯಿದ್ದಲ್ಲಿ ಪಾಠವಿತ್ತು, ಇಲ್ಲದಲ್ಲಿ ಇರಲಿಲ್ಲ. ಖಾಸಗಿ ಶಿಕ್ಷಣದ ಮೂಲಸ್ವಭಾವವನ್ನು ಅರಿಯಲು ಈ ಸ್ಥಿತಿಯನ್ನು ನೆನಪಿನಲ್ಲಿಡುವುದು ಅವಶ್ಯ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಅಲ್ಲಿ ಶಾಲೆಗಳನ್ನು ತೆರೆದರು. 1854ರ ವುಡ್ಡನ ನಿರೂಪದಿಂದ ಸರಕಾರೀ ಸಹಾಯಧನದ ಪದ್ಧತಿಗೆ ತಳಹದಿ ದೊರೆಯಿತು. ಖಾಸಗಿಯವರು ಕಟ್ಟಡ, ಸ್ಥಳ, ಆಡಳಿತವನ್ನು ಒದಗಿಸುವುದು; ಸರಕಾರವು ಪರೀಕ್ಷಣೆ ನಡೆಸಿ ಹಣದ ಒಂದು ಭಾಗವನ್ನು ಕೊಡುವುದು; ಇದೇ ಆ ಪದ್ಧತಿಯ ತಿರುಳು. ಹೀಗೆ ಖಾಸಗಿ ಶಾಲೆಯು ಸಾರ್ವಜನಿಕ ನಿಯಮಕ್ಕೆ ಒಳಪಟ್ಟಿತು.

ಸರಕಾರವಾಗಲೀ ಸಮಾಜವಾಗಲೀ ಹೋಗದ ಕಡೆಗೆ ಖಾಸಗಿ ಪ್ರಯತ್ನವು ಹೋಗಬಲ್ಲುದೆಂಬುದಕ್ಕೆ ಇದೇ ಜಿಲ್ಲೆಯಲ್ಲಿ ಉಜ್ಜ್ವಲವಾದ ಒಂದು ನಿದರ್ಶನವಿದೆ. ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆಯನ್ನು ಆರಂಭಿಸಿದರು. ಅಸ್ಪೃಶ್ಯರೆನಿಸಿದ್ದವರ ಮಕ್ಕಳಿಗೆ ಅಂದಿನ ಸಾಮಾನ್ಯ ಶಾಲೆಗಳ ಬಾಗಿಲು ತೆರೆದಿರಲಿಲ್ಲ. ಖಾಸಗಿ ಶಾಲೆಯೆಂದೊಡನೆ ಲಾಭದ ಶಾಲೆಯೆಂದು ಭಾವಿಸುವವರು ಇದನ್ನು ಮರೆಯಲಾಗದು.

1920ರ ಮದರಾಸು ಪ್ರಾಥಮಿಕ ವಿದ್ಯಾಭ್ಯಾಸದ ಕಾಯಿದೆಯ ತರುವಾಯ ಬೋರ್ಡು ಶಾಲೆಗಳೊಡನೆ ಅನುದಾನಿತ ಎಲಿಮೆಂಟರಿ ಶಾಲೆಗಳೂ ಹಳ್ಳಿಗಳಲ್ಲಿ ಬೆಳೆದವು. ಊರಿನ ಗುತ್ತು ಬೀಡುಗಳವರು, ದೇವಸ್ಥಾನ ಅಥವಾ ಇಗರ್ಜಿಯವರು, ಎಷ್ಟೋ ಕಡೆ ಉಪಾಧ್ಯಾಯರೇ, ಶಾಲೆಯ ಸಂಚಾಲಕರಾಗುತ್ತಿದ್ದರು. ಇವುಗಳ ದೋಷಗಳನ್ನು ನಾವು ಮರೆಮಾಚಬಾರದು. ಸಹಾಯಧನವು ಸಂಚಾಲಕರ ಕೈದಾಟಿ ಬರಬೇಕಾದ ಕಾರಣ, ಮದರಾಸು ಪ್ರಾಂತದ ಎಷ್ಟೋ ಉಪಾಧ್ಯಾಯರು ತಮ್ಮ ಸಂಬಳಕ್ಕೂ ಉದ್ಯೋಗಕ್ಕೂ ಅವರ ಮರ್ಜಿಯನ್ನು ಕಾಯಬೇಕಾಗಿತ್ತು. 1956ರ ನವೆಂಬರ್ 1ರಂದು ಜಿಲ್ಲೆಯ ಕಾಸರಗೋಡು ಭಾಗವು ಕೇರಳಕ್ಕೂ ಉಳಿದುದು ಮೈಸೂರು ರಾಜ್ಯಕ್ಕೂ ಸೇರಿದವು. ಕೇರಳದಲ್ಲಿ 1957ರಲ್ಲಿ ಮಂಡಿಸಲ್ಪಟ್ಟ ಶಿಕ್ಷಣ ಮಸೂದೆಯು ಅನುದಾನಿತ ಉಪಾಧ್ಯಾಯರಿಗೆ ಸರಕಾರವೇ ನೇರವಾಗಿ ಸಂಬಳ ಕೊಡುವ ವ್ಯವಸ್ಥೆಯನ್ನು ಉದ್ದೇಶಿಸಿತು. ಅದು ಎಬ್ಬಿಸಿದ ಕೋಲಾಹಲವು ಸುಪ್ರಸಿದ್ಧ. ಆದರೂ ಕೇರಳದಲ್ಲಿ ಅನುದಾನಿತ ಶಾಲೆಯೇ ಪ್ರಾಥಮಿಕ ವಿದ್ಯಾಭ್ಯಾಸದ ದೊಡ್ಡ ಆಧಾರಸ್ತಂಭವಾಗಿ ಉಳಿಯಿತು. ನಮ್ಮ ರಾಜ್ಯದಲ್ಲಿ ಸರಕಾರೀ ಶಾಲೆಯೇ ಮುಖ್ಯವಾಯಿತು. ಅನುದಾನವು ಕ್ರಮೇಣ ಬಿಗಿಯಾಯಿತು. 1995ರ ನಂತರ ಆರಂಭವಾದ ಕನ್ನಡ ಮಾಧ್ಯಮದ ಶಾಲೆಗಳಿಗೆ ಅನುದಾನ ಕೊಡಬೇಕೆಂಬ ಬೇಡಿಕೆಯು ಬಹುಕಾಲದಿಂದ ಕೇಳಿಬರುತ್ತಿದೆ.

ಇದರ ಪರಿಣಾಮವಾಗಿ ‘ಖಾಸಗಿ ಶಾಲೆ’ ಎಂಬ ಮಾತಿನ ಅರ್ಥವೇ ಬದಲಾಯಿತು. ಇಂದು ಆ ಮಾತು ಬಹುಮಟ್ಟಿಗೆ ಅನುದಾನರಹಿತವಾದ, ಇಂಗ್ಲಿಷು ಮಾಧ್ಯಮದ, ಶುಲ್ಕದಿಂದ ನಡೆಯುವ ಶಾಲೆಯನ್ನು ಸೂಚಿಸುತ್ತದೆ. ಪ್ರಾಥಮಿಕ ತರಗತಿಗಳಲ್ಲಿ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂಬ 1994ರ ರಾಜ್ಯದ ಆಜ್ಞೆಯನ್ನು ಖಾಸಗಿ ಶಾಲೆಗಳ ಮೇಲೆ ಹೇರಲಾಗದೆಂದು ಸುಪ್ರೀಂ ಕೋರ್ಟಿನ ಸಂವಿಧಾನಪೀಠವು 2014ರಲ್ಲಿ ತೀರ್ಮಾನಿಸಿತು. ಅಲ್ಲಿಂದೀಚೆಗೆ ಈ ಶಾಲೆಗಳ ಮಾಧ್ಯಮದ ಪ್ರಶ್ನೆಯು ತಂದೆತಾಯಿಗಳ ಆಯ್ಕೆಗೆ ಬಿಟ್ಟದ್ದಾಗಿದೆ.

ಇಂತಹ ಶಾಲೆಯ ಗುಣಗಳು ಯಾವುವು? ಅದು ಉಳಿಯಬೇಕಾದರೆ ಮಕ್ಕಳು ಬರಬೇಕು. ಆದುದರಿಂದ ತಂದೆತಾಯಿಗಳ ಮಾತಿಗೆ ಅಲ್ಲಿ ಬೆಲೆಯುಂಟು. ವರ್ಗಾವಣೆಯಾಗಿ ಹೋದ ಉಪಾಧ್ಯಾಯರ ಸ್ಥಾನವು ತಿಂಗಳುಗಟ್ಟಲೆ ತೆರವಾಗಿರುವ ಕಷ್ಟ ಕಡಮೆ. ಮುಂದಿನ ಕಾಲೇಜು ವಿದ್ಯಾಭ್ಯಾಸದ ಭಾಷೆಯು ಇಂಗ್ಲಿಷಾಗಿರುವಾಗ, ಅದನ್ನು ಮಗುವಿಗೆ ಬೇಗನೆ ಒದಗಿಸಬೇಕೆಂಬ ಕೃಷಿಕನ ಆಸೆಯನ್ನು ಬರಿಯ ಡಂಭವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಸರಕಾರವೂ 2019-20ರಲ್ಲಿ ತನ್ನ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷು ಮಾಧ್ಯಮದ ತರಗತಿಗಳನ್ನು ತೆರೆಯಲು ನಿಶ್ಚಯಿಸಿ, ಈ ಆಸೆಯನ್ನು ಮನ್ನಿಸಿತು.

ದೋಷಗಳನ್ನು ಕಾಣಬೇಕಾದರೆ ಆ ಶಾಲೆಯ ಒಳಗೆ ಮಾತ್ರ ನೋಡಿದರೆ ಸಾಲದು. ಅದಕ್ಕೆ ಮಕ್ಕಳನ್ನು ಬಿಟ್ಟುಕೊಟ್ಟ ಶಾಲೆಯನ್ನೂ ನೋಡಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ, ಒಂದರಿಂದ ಐದನೆಯ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ 2 ಮಂದಿ, 61ರಿಂದ 90ರವರೆಗೆ 3 ಮಂದಿ ಉಪಾಧ್ಯಾಯರಿರಬೇಕು. 65 ಮಕ್ಕಳಿರುವ ಶಾಲೆಯೊಂದನ್ನು ಊಹಿಸಿಕೊಳ್ಳೋಣ. ಐವರು ಮಕ್ಕಳು ಬಸ್ಸು ಹತ್ತಿ ಪೇಟೆಯ ಶಾಲೆಗೆ ಹೋದರೆ, ಉಳಿದ 60 ಮಕ್ಕಳು ಒಬ್ಬ ಉಪಾಧ್ಯಾಯರನ್ನು ಪಡೆಯುವ ಹಕ್ಕನ್ನು ಕಳೆದುಕೊಳ್ಳುತ್ತಾರೆ. ಆಮೇಲೆ ಇಬ್ಬರೇ ಐದು ತರಗತಿಗಳನ್ನು ನಡೆಸಬೇಕು. ಪಾಠವು ಸೊರಗುತ್ತದೆ, ಅದನ್ನು ಕಂಡು ಇನ್ನೂ ಕೆಲವರು ಹೊರಡುತ್ತಾರೆ. ಹೊರಡುವವರು ಸಾಮಾನ್ಯವಾಗಿ ಶುಲ್ಕವನ್ನೂ ವಾಹನದ ಬಾಡಿಗೆಯನ್ನೂ ಕೊಡಬಲ್ಲವರು, ಶಾಲೆಯ ಕುಂದನ್ನು ಅಧಿಕಾರಿಗಳ ಮುಂದೆ ಹೇಳಬಲ್ಲವರು. 2001ರಲ್ಲಿ ಏರ್ಪಟ್ಟ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಇಂತಹವರ ಧ್ವನಿಯನ್ನೇ ಕಳೆದುಕೊಳ್ಳುತ್ತವೆ. ಕೊನೆಗೆ ಹಳ್ಳಿಯ ಶಾಲೆಯು ಮುಚ್ಚಿದರೆ, ಬಸ್ಸು ಬಾರದ ತೋಟದಂಚಿನ ಕೂಲಿಯ ಮಗುವಿಗೆ ಶಾಲೆಯು ಮತ್ತೆ ದೂರವಾಗುತ್ತದೆ.

ಭಾಷೆಯ ವಾದವೂ ಇಲ್ಲಿ ತೋರುವಷ್ಟು ಸರಳವಲ್ಲ. ಗುಂಡ್ಯದ ಸುತ್ತಣ ಬಹುಮಂದಿಯ ಮನೆಮಾತು ತುಳು. ಕೇರಳದಿಂದ ಬಂದು ರಬ್ಬರು ಬೆಳೆಸಿ ನೆಲೆನಿಂತವರದು ಮಲಯಾಳ. ಸುಳ್ಯದ ಕಡೆಗೆ ಅರೆಭಾಷೆಯೂ ಉಂಟು. ಆದುದರಿಂದ ಕನ್ನಡ ಶಾಲೆಯನ್ನು ಮಾತೃಭಾಷೆಯ ಹೆಸರಿನಲ್ಲಿಯೇ ಸಮರ್ಥಿಸುವುದು ಈ ಸೀಮೆಗೆ ಪೂರ್ಣವಾಗಿ ಹೊಂದುವುದಿಲ್ಲ. ಇಲ್ಲಿ ಕನ್ನಡವು ಬೇರೆಬೇರೆ ಮನೆಮಾತಿನ ಮಕ್ಕಳು ಶಾಲೆಯ ಬೆಂಚಿನ ಮೇಲೆ ಕೂಡಿ ಕಲಿತು ಪಡೆದ ಸಮಾನಭಾಷೆ. ಮಕ್ಕಳು ಶುಲ್ಕಕ್ಕೆ ತಕ್ಕಂತೆ ಬೇರೆಬೇರೆ ಶಾಲೆಗಳಿಗೆ ಹಂಚಿಹೋದಾಗ ಆ ಕೂಡುವಿಕೆಯೂ ತಪ್ಪುತ್ತದೆ.

ಈ ಅಂತರವನ್ನು ತುಂಬಲು ಶಿಕ್ಷಣ ಹಕ್ಕು ಕಾಯಿದೆಯು ಅನುದಾನರಹಿತ ಶಾಲೆಗಳ ಆರಂಭದ ತರಗತಿಯಲ್ಲಿ ಶೇಕಡಾ 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಟ್ಟಿತು. 2012ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಆದರೆ ಸರಕಾರೀ ಅಥವಾ ಅನುದಾನಿತ ಶಾಲೆಯಿರುವ ನೆರೆಹೊರೆಯಲ್ಲಿ ಇದು ಅನ್ವಯಿಸದೆಂದು ಕರ್ನಾಟಕವು 2019ರಲ್ಲಿ ನಿಯಮವನ್ನು ತಿದ್ದಿತು. ಸರಕಾರೀ ಶಾಲೆಯನ್ನು ಬರಿದು ಮಾಡಲು ಸರಕಾರದ ಹಣವೇಕೆ ಎಂಬ ವಾದಕ್ಕೆ ತೂಕವಿಲ್ಲದಿಲ್ಲ. ಆದರೂ ಅದರ ಫಲವೇನು? ಹಣವುಳ್ಳವನಿಗೆ ಆಯ್ಕೆಯು ಉಳಿಯಿತು. ಹಣವಿಲ್ಲದವನಿಗೆ ಅದು ಹೋಯಿತು. ಸೊರಗುತ್ತಿರುವ ಶಾಲೆಗೆ ಉಪಾಧ್ಯಾಯರನ್ನು ಕೊಡದೆ ಬಾಗಿಲನ್ನು ಮಾತ್ರ ಹಾಕುವುದು ಅರ್ಧ ಕೆಲಸವೇ ಸರಿ.

ಮೇಲ್ಕಂಡ ವಿಚಾರಗಳಿಂದ ನಮಗೆ ತೋರುವುದಿಷ್ಟು. ಖಾಸಗಿತನವು ತನ್ನಷ್ಟಕ್ಕೆ ಗುಣವೂ ಅಲ್ಲ, ದೋಷವೂ ಅಲ್ಲ. ಈ ಜಿಲ್ಲೆಯ ಖಾಸಗಿ ಶಾಲೆಯು ಎಲ್ಲಿ ಸಾರ್ವಜನಿಕ ಹಣವನ್ನೂ ಸಾರ್ವಜನಿಕ ನಿಯಮವನ್ನೂ ಒಪ್ಪಿಕೊಂಡು, ಶಾಲೆಯಿಲ್ಲದ ಮಗುವಿನ ಬಳಿಗೆ ಹೋಯಿತೋ ಅಲ್ಲಿ ವಿದ್ಯೆಯ ಎಲ್ಲೆಯನ್ನು ವಿಸ್ತರಿಸಿತು. ಎಲ್ಲಿ ಶುಲ್ಕವನ್ನೇ ನೆಚ್ಚಿ, ಕೊಡಬಲ್ಲವರ ಮಕ್ಕಳನ್ನು ಮಾತ್ರ ತನ್ನ ಬಳಿಗೆ ಕರೆದುಕೊಂಡಿತೋ ಅಲ್ಲಿ 1822ರ ಸ್ಥಿತಿಯ ಕಡೆಗೆ ಒಂದು ಹೆಜ್ಜೆ ಹಿಂದೆ ಸರಿಯಿತು. ಆದುದರಿಂದ ಹೊಸ ಶಾಲೆಯೊಂದಕ್ಕೆ ಮಾನ್ಯತೆ ಕೊಡುವಾಗ ಅದರ ಕಟ್ಟಡ, ಆಟದ ಬಯಲುಗಳ ಜೊತೆಗೆ, ಅದರಿಂದ ನೆರೆಯ ಶಾಲೆಯ ಸಂಖ್ಯೆಯು ಎಷ್ಟು ಇಳಿಯುವುದೆಂಬುದನ್ನೂ ಪರಿಶೀಲಿಸಬೇಕು. ಮನೆಗಳು ಚದರಿರುವ ಘಟ್ಟದ ಬುಡದ ಹಳ್ಳಿಗಳಿಗೆ ಉಪಾಧ್ಯಾಯರನ್ನು ಮಕ್ಕಳ ತಲೆಯೆಣಿಕೆಯಿಂದಲ್ಲದೆ ತರಗತಿಗಳ ಎಣಿಕೆಯಿಂದ ಕೊಡಬೇಕು. ಹಳೆಯ ಅನುದಾನಿತ ಶಾಲೆಗಳಲ್ಲಿ ತೆರವಾದ ಸ್ಥಾನಗಳನ್ನು ತುಂಬಬೇಕು. ಇವು ನೆರವೇರಿದಲ್ಲಿ, ತಂದೆತಾಯಿಗಳು ಮಾಡುವ ಆಯ್ಕೆಯ ಬೆಲೆಯನ್ನು ನೆರೆಮನೆಯ ಮಗುವು ತೆರಬೇಕಾಗಿ ಬಾರದು.