ದೊಡ್ಡಪ್ಪನ ಹೊಲದ ‘ಉಲ್ಕೆ’

ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನ ಓದಿದವರಿಗೆ ಕೆಲಸ ಸಿಗುತ್ತದೋ ಇಲ್ಲವೋ, ಕಲ್ಲುಗಳಂತೂ ಹುಡುಕಿಕೊಂಡು ಬರುತ್ತವೆ. ಊರಿಗೆ ಹೋದಾಗಲೆಲ್ಲ ಯಾರಾದರೂ ಒಬ್ಬರು ಟವೆಲ್‌ನಲ್ಲಿ ಸುತ್ತಿಕೊಂಡ ಕಲ್ಲನ್ನು ತಂದು, ಬಾಗಿಲು ಮುಂದೆ ಮಾಡಿ, ‘ಇದೇನು ನೋಡಮ್ಮ’ ಎಂದು ದನಿ ತಗ್ಗಿಸಿ ಕೇಳುತ್ತಾರೆ. ಹತ್ತರಲ್ಲಿ ಒಂಬತ್ತು ಬೆಣಚುಕಲ್ಲು. ಹೊಳೆಯುವುದು ಕಾಗೆಬಂಗಾರ. ‘ಮಗಳ ಮದುವೆ ಮಾಡೋದು ಬಿಟ್ಟು ಕಲ್ಲು ಓದಿಸ್ತಿದ್ದೀಯಲ್ಲ’ ಎಂದು ಅಪ್ಪನನ್ನು ಆಡಿಕೊಂಡವರೂ ಕಲ್ಲು ತರುವವರ ಸಾಲಿನಲ್ಲಿದ್ದಾರೆ.

ಪಾವಗಡ ತಾಲ್ಲೂಕಿನ ತಿರುಮಣಿ ನಮ್ಮೂರು. ಸೋಲಾರ್ ಪಾರ್ಕ್ ಎಂದರೆ ನಿಮಗೂ ಥಟ್ಟನೆ ಗೊತ್ತಾಗುತ್ತದೆ. 2018ರಲ್ಲಿ ಉದ್ಘಾಟನೆಯಾದ, ಐದು ಹಳ್ಳಿಗಳ ಸುಮಾರು 13 ಸಾವಿರ ಎಕರೆಯಲ್ಲಿ ಹರಡಿರುವ, 2,050 ಮೆಗಾವಾಟ್ ಸಾಮರ್ಥ್ಯದ ಪಾರ್ಕಿನ ಊರುಗಳಲ್ಲಿ ನಮ್ಮದೂ ಒಂದು. ಜಮೀನು ಗುತ್ತಿಗೆ ಕೊಟ್ಟವರಿಗೆ ವರ್ಷಕ್ಕೆ ಎಕರೆಗೆ 21 ಸಾವಿರ ರೂಪಾಯಿ ಎಂದು ಶುರುವಾಯಿತು. ಮಳೆ ಬಾರದ ಸೀಮೆಯಲ್ಲಿ ಅದು ಸಣ್ಣ ದುಡ್ಡಲ್ಲ. ನಮ್ಮ ದೊಡ್ಡಪ್ಪನ ಮೂರು ಎಕರೆ ಮಾತ್ರ ಬೇಲಿಯ ಆಚೆ ಉಳಿಯಿತು. ಪಕ್ಕದವರ ಹೊಲದಲ್ಲಿ ಗಾಜು ಹೊಳೆಯುವುದನ್ನು ನೋಡುತ್ತ ಕಡಲೆಕಾಯಿ ಬಿತ್ತುವ ಮನುಷ್ಯ ಆತ. ಈ ಕಥೆಯಲ್ಲಿ ಅದೂ ಮುಖ್ಯ, ಅದಕ್ಕೇ ಹೇಳಿದೆ.

ಕಳೆದ ಬೇಸಿಗೆಯಲ್ಲಿ ಕೃಷಿ ಹೊಂಡಕ್ಕೆಂದು ಜೆಸಿಬಿ ತರಿಸಿದಾಗ ಆಳೆತ್ತರದ ಗುಂಡಿಯ ಮಣ್ಣಿನ ಜೊತೆ ಒಂದು ಕಪ್ಪು ಗುಂಡು ಬಂತು. ಸುಲಿದ ತೆಂಗಿನಕಾಯಿಯಷ್ಟು ಗಾತ್ರ. ಎತ್ತಿದರೆ ಗಾತ್ರಕ್ಕೆ ಮೀರಿದ ತೂಕ. ಮೈಮೇಲೆ ಕರಗಿ ಗಟ್ಟಿಯಾದಂತೆ ಕಪ್ಪು ಹೊಳಪು. ಡ್ರೈವರ್ ಫೋಟೊ ತೆಗೆದು ಯಾವುದೋ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ. ಮಾರನೆಯ ದಿನವೇ ಪರಿಚಯದವರ ಪರಿಚಯದವನೊಬ್ಬ ಫೋನ್ ಮಾಡಿದ. ‘ಇದು ಉಲ್ಕೆ. ವಿದೇಶದ ಕಂಪನಿ ಕೋಟಿಗೆ ಕಮ್ಮಿ ಕೊಡಲ್ಲ. ಆದರೆ ಮೊದಲು ಲ್ಯಾಬ್ ಟೆಸ್ಟಿಂಗ್ ಫೀ 45 ಸಾವಿರ ಕಟ್ಟಬೇಕು. ಸೋಮವಾರದೊಳಗೆ.’

ರೈಸ್ ಪುಲ್ಲಿಂಗ್ ಹೆಸರಿನಲ್ಲಿ ತಾಮ್ರದ ಚೊಂಬು ತೋರಿಸಿ ಲಕ್ಷಗಟ್ಟಲೆ ಎತ್ತಿದವರ ಸುದ್ದಿಯನ್ನು ಪೇಪರಿನಲ್ಲಿ ನೀವೂ ಓದಿರುತ್ತೀರಿ. ಇದು ಅದರದ್ದೇ ತಮ್ಮ. ದೊಡ್ಡಪ್ಪ ಪೆದ್ದನೇನಲ್ಲ. ಬೇಲಿಯ ಆಚೆ ಉಳಿದ ಹೊಲಕ್ಕೂ ಒಂದು ಅದೃಷ್ಟ ಇರಬೇಕು ಅನ್ನುವುದು ಆತನ ಲೆಕ್ಕ. ದೊಡ್ಡಮ್ಮನ ಸರ ಅಡವಿಡುವ ಮಾತು ಬಂತು. ಆಗ ದೊಡ್ಡಮ್ಮ ನನಗೆ ಫೋನ್ ಮಾಡಿದಳು. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಪಾವಗಡದ ಬಸ್ಸು ಹತ್ತಿದೆ. ಬ್ಯಾಗಿನಲ್ಲಿ ಒಂದು ಲೆನ್ಸ್, ಹಳೆಯ ಸ್ಪೀಕರಿನ ಮ್ಯಾಗ್ನೆಟ್, ಅಷ್ಟೆ.

ಕಲ್ಲನ್ನು ಗುರುತಿಸುವುದು ನೋಡಿದ ಕೂಡಲೇ ಹೆಸರು ಹೇಳುವ ಆಟವಲ್ಲ. ಅದು ಏನಲ್ಲ ಎನ್ನುವುದನ್ನು ಒಂದೊಂದಾಗಿ ಹೊಡೆದುಹಾಕುತ್ತ ಹೋಗುವ ಕೆಲಸ. ಮಲ್ಟಿಪಲ್ ಚಾಯ್ಸ್ ಪ್ರಶ್ನೆಯಲ್ಲಿ ನಾವು ಮಾಡುವುದೂ ಅದನ್ನೇ ತಾನೇ! ನಮ್ಮ ಕಡೆ ಭಾರವಾದ ಕರಿಕಲ್ಲು ಎಂದರೆ ಮೊದಲು ಅನುಮಾನ ಪಡಬೇಕಾದದ್ದು ಡೊಲೆರೈಟ್. ಗ್ರಾನೈಟ್ ನೆಲವನ್ನು ಸೀಳಿಕೊಂಡು ಗೋಡೆಯ ಹಾಗೆ ಎದ್ದ ಕಪ್ಪು ಪಟ್ಟಿಗಳಲ್ಲಿ ಅದು ಸಿಗುತ್ತದೆ. ಆಮೇಲೆ ಕಬ್ಬಿಣದ ಅದಿರುಗಳಾದ ಮ್ಯಾಗ್ನೆಟೈಟ್ ಮತ್ತು ಹೆಮಟೈಟ್. ಉಲ್ಕೆಯನ್ನು ಪಟ್ಟಿಯ ಕೊನೆಗೆ ಇಡಬೇಕು. ಏಕೆಂದರೆ ಅದು ಅಪರೂಪ. ಉಡುಪಿಯಲ್ಲಿ 1866ರಲ್ಲಿ ಬಿದ್ದ ಕಲ್ಲಿಗೆ ಜಗತ್ತಿನ ಉಲ್ಕೆಗಳ ಪಟ್ಟಿಯಲ್ಲಿ ಇಂದಿಗೂ ಆ ಊರಿನದೇ ಹೆಸರಿದೆ ಎಂದರೆ ಎಷ್ಟು ಅಪರೂಪ ಎಂದು ಊಹಿಸಿ.

ಮೊದಲು ಗೀರಿ ನೋಡಿದೆ. ಬಚ್ಚಲುಮನೆಗೆ ಹಾಕಿ ಉಳಿದಿದ್ದ ಟೈಲ್ಸ್‌ನ ಹಿಂಭಾಗ, ಅಂದರೆ ಹೊಳಪಿಲ್ಲದ ಒರಟು ಮೈ, ಇದಕ್ಕೆ ಸಾಕು. ಖನಿಜದ ಹೊರಬಣ್ಣ ಮೋಸ ಮಾಡುತ್ತದೆ, ಗೀರಿದಾಗ ಬೀಳುವ ಪುಡಿಯ ಬಣ್ಣ ಅಷ್ಟು ಸುಲಭವಾಗಿ ಮಾಡುವುದಿಲ್ಲ. ಹೆಮಟೈಟ್ ಎಷ್ಟೇ ಕಪ್ಪಗೆ ಕಂಡರೂ ಗೀರಿದರೆ ಕೆಂಪು. ಮ್ಯಾಗ್ನೆಟೈಟ್ ಆದರೆ ಅಚ್ಚಕಪ್ಪು. ನಮ್ಮ ಗುಂಡು ಮಾಸಲು ಬೂದು ಗೆರೆ ಎಳೆಯಿತು. ಎರಡೂ ಅದಿರುಗಳನ್ನು ಹೊಡೆದುಹಾಕಿದೆ.

ಇನ್ನು ಸಾಂದ್ರತೆ. ಇದಕ್ಕೆ ಲ್ಯಾಬ್ ಬೇಡ, ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಮೊದಲು ಕಲ್ಲನ್ನು ತೂಗಿದೆ: 2,340 ಗ್ರಾಂ. ಆಮೇಲೆ ಅರ್ಧ ನೀರು ತುಂಬಿದ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಕಲ್ಲನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಅಂಚಿಗೂ ತಾಗದ ಹಾಗೆ ಪೂರ್ತಿ ಮುಳುಗಿಸಿ ಹಿಡಿದೆ. ತಕ್ಕಡಿ 690 ತೋರಿಸಿತು. ಕಲ್ಲು ತಳ್ಳಿದ ನೀರಿನ ತೂಕ ಅದು. ನೀರು ಗ್ರಾಮಿಗೆ ಒಂದು ಮಿಲಿಲೀಟರ್ ಆದ್ದರಿಂದ ಕಲ್ಲಿನ ಗಾತ್ರವೂ ಅಷ್ಟೇ. ಭಾಗಿಸಿದರೆ 3.4. ಗ್ರಾನೈಟ್ 2.7ರ ಒಳಗೇ ಇರುತ್ತದೆ, ಡೊಲೆರೈಟ್ ಹೆಚ್ಚೆಂದರೆ 3ರ ಆಸುಪಾಸು. ಅಲ್ಲಿಗೆ ಡೊಲೆರೈಟೂ ಹೋಯಿತು. ಅಂಗಡಿಯವ ಮಾತ್ರ ತಕ್ಕಡಿ ಮೇಲೆ ನೀರು ಚೆಲ್ಲಿದ್ದಕ್ಕೆ ಇನ್ನೂ ಮುನಿಸಿಕೊಂಡಿದ್ದಾನೆ.

ತಮಾಷೆ ಇರುವುದು ಇಲ್ಲೇ. ಉಲ್ಕೆಗಳಲ್ಲಿ ಹೆಚ್ಚಿನವು ಕಲ್ಲಿನ ಉಲ್ಕೆಗಳು. ಅವುಗಳ ಸಾಂದ್ರತೆಯೂ ಸುಮಾರು 3.3ರಿಂದ 3.7. ಒಳಗೆ ಕಬ್ಬಿಣ–ನಿಕ್ಕಲ್ ಚೂರುಗಳಿರುವುದರಿಂದ ಅಯಸ್ಕಾಂತಕ್ಕೆ ಅಂಟುತ್ತವೆ. ದಾರಕ್ಕೆ ಕಟ್ಟಿದ ಸ್ಪೀಕರ್ ಮ್ಯಾಗ್ನೆಟ್ಟನ್ನು ಹತ್ತಿರ ತಂದಾಗ ನಮ್ಮ ಗುಂಡೂ ಎಳೆಯಿತು! ದೊಡ್ಡಪ್ಪನ ಮುಖ ಅರಳಿತು. ‘ನಾನು ಹೇಳ್ಲಿಲ್ವಾ?’ ಫೋನ್ ಮಾಡಿದವನು ಹೇಳಿದ್ದೂ ಇದನ್ನೇ: ಭಾರ, ಕಪ್ಪು, ಮ್ಯಾಗ್ನೆಟ್ ಅಂಟುತ್ತೆ. ಮೂರೂ ನಿಜ. ಮೂರು ನಿಜಗಳನ್ನು ಕೂಡಿಸಿ ಒಂದು ಸುಳ್ಳು ಹೇಳುವುದು ಇಂಥವರ ಕಲೆ.

ಆದರೆ ಮ್ಯಾಗ್ನೆಟ್ ಎಲ್ಲ ಕಡೆ ಒಂದೇ ಸಮ ಎಳೆಯಲಿಲ್ಲ. ಒಂದು ಮಗ್ಗುಲಲ್ಲಿ ಜೋರು, ಇನ್ನೊಂದು ಕಡೆ ಇಲ್ಲವೇ ಇಲ್ಲ. ಲೆನ್ಸ್ ಹಿಡಿದು ಕೂತೆ. ಮೈಮೇಲೆ ಮೇಣದಬತ್ತಿಯ ಅಂಚಿನಲ್ಲಿ ಇಳಿದ ಮೇಣದಂಥ ಗೆರೆಗಳು, ಒಂದರ ಮೇಲೊಂದು ಹರಿದು ನಿಂತಿದ್ದವು. ಮುರಿದ ಕಡೆ ಇಡ್ಲಿಯ ಒಳಮೈಯ ಹಾಗೆ ಗುಳ್ಳೆ ತೂತುಗಳು. ಉಲ್ಕೆ ವಾತಾವರಣದಲ್ಲಿ ಉರಿದು ಬರುವಾಗ ಕರಗುವುದು ಹೊರಗಿನ ಸಿಪ್ಪೆಯಷ್ಟು ಮಾತ್ರ. ಒಳಗೆ ಗುಳ್ಳೆಗಳಿರುವ ಉಲ್ಕೆ ಸಿಗುವುದು ಬಲು ವಿರಳ. ಸಾಣೆಕಲ್ಲಿನ ಮೇಲೆ ಒಂದು ಮೂಲೆಯನ್ನು ಅರ್ಧ ಗಂಟೆ ತೇಯ್ದೆ. ಉಲ್ಕೆಯಾಗಿದ್ದರೆ ತೇಯ್ದ ಮೈಯಲ್ಲಿ ಬೆಳ್ಳಿ ಹುಡಿ ಎರಚಿದಂತೆ ಲೋಹದ ಚುಕ್ಕೆಗಳು ಕಾಣಬೇಕಿತ್ತು. ಕಂಡದ್ದು ಕಪ್ಪು ಗಾಜು ಮತ್ತು ಇನ್ನಷ್ಟು ಗುಳ್ಳೆ. ಒಂದು ಕಡೆ ಬೆರಳ ತುದಿಯಷ್ಟು ಅಚ್ಚು, ಅದರಲ್ಲಿ ಸೌದೆಯ ನಾರಿನಂಥ ಗೆರೆ. ಇದ್ದಿಲು ಕೂತು ಹೋದ ಗುರುತು. ಆಕಾಶದಲ್ಲಿ ಇದ್ದಿಲು ಎಲ್ಲಿಂದ ಬರಬೇಕು?

ನನಗೆ ಉತ್ತರ ಸಿಕ್ಕಿತ್ತು. ಆದರೆ ದೊಡ್ಡಪ್ಪನಿಗೆ ಒಪ್ಪಿಗೆಯಾಗಬೇಕಲ್ಲ! ‘ಸ್ಲ್ಯಾಗ್’ ಎಂದೆ. ಆ ಪದ ಯಾರ ಕಿವಿಗೂ ಇಳಿಯಲಿಲ್ಲ. ಅಷ್ಟರಲ್ಲಿ ಜಗುಲಿಯ ಮೂಲೆಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದ ಅಜ್ಜಿ ಕೈ ಚಾಚಿ ಗುಂಡನ್ನು ಸವರಿದಳು. ಮೂರು ದಿಕ್ಕಿಗೂ ಆಂಧ್ರ ಇರುವ ನಮ್ಮ ತಾಲ್ಲೂಕಿನಲ್ಲಿ ಅರ್ಧ ಮಾತು ತೆಲುಗೇ. ‘ಇದಿ ಇನುಪ ಚಿಟ್ಟೆಂ ಕದರಾ’ ಎಂದಳು. ಇದು ಕಬ್ಬಿಣದ ಚಿಟ್ಟೆಂ ಅಲ್ಲವೇನೋ ಎಂದು. ಚಿಕ್ಕಂದಿನಲ್ಲಿ ತನ್ನ ತವರಿನ ದಿಬ್ಬದ ಮೇಲೆ ಇಂಥ ತುಂಡುಗಳನ್ನು ಆರಿಸಿ ಬೇಲಿಯ ಬುಡಕ್ಕೆ ಹಾಕುತ್ತಿದ್ದರಂತೆ.

ತೆಲುಗಿನ ಚಿಟ್ಟೆಂ, ಕನ್ನಡದ ಕಿಟ್ಟ. ನಮ್ಮ ಕಿವಿ ಅವರಿಗೆ ಚೆವಿ ಆದ ಹಾಗೆ. ಅದಿರು ಕರಗಿಸಿ ಕಬ್ಬಿಣ ತೆಗೆದ ಮೇಲೆ ಉಳಿಯುವ ಕಸವೇ ಕಿಟ್ಟ. ಮೂರು ವರ್ಷ ಇಂಗ್ಲಿಷಿನ ‘ಸ್ಲ್ಯಾಗ್’ ಓದಿದ ನಾನು ಎರಡು ಗಂಟೆ ತೇಯ್ದು ತಲುಪಿದ ಜಾಗಕ್ಕೆ ಆಕೆ ಒಂದು ಸವರಿನಲ್ಲಿ ಬಂದಿದ್ದಳು. ದೊಡ್ಡಪ್ಪ ತಾಯಿಯ ಮುಖ ನೋಡಿದ, ಗುಂಡನ್ನು ನೋಡಿದ, ಏನೂ ಮಾತಾಡಲಿಲ್ಲ.

ನಮ್ಮ ಬರಡು ಸೀಮೆಯಲ್ಲಿ ಕಬ್ಬಿಣ ಎಲ್ಲಿತ್ತು ಎಂದು ನೀವು ಕೇಳಬಹುದು. ಸಂಡೂರಿನಂಥ ಅದಿರಿನ ಬೆಟ್ಟ ಇಲ್ಲಿಲ್ಲ ನಿಜ. ಇರುವುದು ಗ್ರಾನೈಟ್. ರಾಮನಗರದಿಂದ ಮಧುಗಿರಿ, ಪಾವಗಡದ ಬೆಟ್ಟಗಳನ್ನು ಹಾದು ಉತ್ತರಕ್ಕೆ ಹೋಗುವ ಈ ಪಟ್ಟಿಗೆ ರಾಮನಗರದ ಹಳೆಯ ಹೆಸರಿನಿಂದಲೇ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. (ನಮ್ಮ ಬೋರ್‌ವೆಲ್ ನೀರಿನ ಫ್ಲೋರೈಡ್ ಬರುವುದೂ ಇಂಥ ಕಲ್ಲಿನ ಖನಿಜಗಳಿಂದಲೇ. ಅದರ ಕಥೆ ಬೇರೆಯೇ ಇದೆ.) ಈ ಕಲ್ಲುಗಳಲ್ಲಿ ಮ್ಯಾಗ್ನೆಟೈಟ್ ಸಣ್ಣ ಸಣ್ಣ ಕಾಳುಗಳಾಗಿ ಚದುರಿಕೊಂಡಿರುತ್ತದೆ. ಕಲ್ಲು ಕೊಳೆತು ಮರಳಾದಾಗ ಮಳೆನೀರು ಹಗುರ ಮರಳನ್ನು ಮುಂದೆ ಒಯ್ದು ಭಾರದ ಕಪ್ಪು ಕಾಳನ್ನು ಹಳ್ಳದ ತಿರುವಿನಲ್ಲಿ ಬಿಟ್ಟು ಹೋಗುತ್ತದೆ. ಮೊರದಲ್ಲಿ ಕೇರಿದ ಹಾಗೆ.

ಟಿಪ್ಪು ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಮೈಸೂರು ಸೀಮೆಯನ್ನು ನೋಡಿ ಬರಲು ಕಳಿಸಿದ ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮಧುಗಿರಿ ಕಡೆಗೂ ಬಂದಿದ್ದ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಮಧುಗಿರಿ, ಚನ್ನರಾಯನದುರ್ಗದ ಸುತ್ತ ಕಬ್ಬಿಣ ಮಾಡುತ್ತಿದ್ದ ವಿವರವಿದೆ. ಮಳೆಗಾಲದ ತೊರೆಗಳು ಬಂಡೆಗಳಿಂದ ಹೊತ್ತು ತಂದ ಕಪ್ಪು ಮರಳೇ ಅಲ್ಲಿ ಅದಿರು. ಮೂಸೆಯಲ್ಲಿ ಉಕ್ಕು ಮಾಡುವಾಗ ಕಬ್ಬಿಣದ ಜೊತೆ ತಂಗಡಿ ಗಿಡದ ಕಡ್ಡಿ ಇಡುತ್ತಿದ್ದರು ಎಂದೂ ಬರೆದಿದ್ದಾನೆ. ತಂಗಡಿ! ನಮ್ಮ ಹೊಲದ ಬದುಗಳಲ್ಲಿ ಹಳದಿ ಹೂ ಬಿಟ್ಟು ನಿಂತಿರುತ್ತದಲ್ಲ, ಅದೇ. ಆ ಕಡ್ಡಿ ಸುಟ್ಟು ಇಂಗಾಲವಾಗಿ ಕಬ್ಬಿಣಕ್ಕೆ ಸೇರಿದರೆ ಉಕ್ಕು.

ಮಣ್ಣಿನ ಕುಲುಮೆಯಲ್ಲಿ ತಿದಿ ಒತ್ತಿ ಇದ್ದಿಲು ಉರಿಸಿದರೆ 1,200 ಡಿಗ್ರಿಯಷ್ಟು ಕಾವು ಹುಟ್ಟುತ್ತದೆ. ಕಬ್ಬಿಣ ಕರಗಲು 1,538 ಡಿಗ್ರಿ ಬೇಕು. ಹಾಗಾಗಿ ಕಬ್ಬಿಣ ಸ್ಪಂಜಿನಂಥ ಮುದ್ದೆಯಾಗಿ ಒಳಗೇ ನಿಲ್ಲುತ್ತದೆ. ಮರಳು ಮತ್ತು ಅದಿರಿನ ಒಂದಷ್ಟು ಪಾಲು ಕೂಡಿ ಕರಗಿ ಹೊರಗೆ ಹರಿಯುತ್ತವೆ. ಮೇಣದ ಗೆರೆ, ಗುಳ್ಳೆ, ಇದ್ದಿಲ ಅಚ್ಚು, ಅಲ್ಲಲ್ಲಿ ಮಾತ್ರ ಎಳೆಯುವ ಮ್ಯಾಗ್ನೆಟ್ ಎಲ್ಲಕ್ಕೂ ಲೆಕ್ಕ ಸಿಕ್ಕಿತು.

ಭಾನುವಾರ ಸಂಜೆ ಫೋನ್ ಮತ್ತೆ ಬಂತು. ದೊಡ್ಡಪ್ಪ ಸ್ಪೀಕರಿಗೆ ಹಾಕಿದ. ‘ನೀವೇ ಬನ್ನಿ. ನಮ್ಮ ಜಗುಲೀಲೇ ಟೆಸ್ಟ್ ಮಾಡಿ. ನಲವತ್ತೈದಲ್ಲ, ಐವತ್ತು ಸಾವಿರ ಕೈಗೇ ಕೊಡ್ತೀನಿ’ ಎಂದ. ಆ ಕಡೆಯವನು ಸಿಗ್ನಲ್ ಇಲ್ಲ ಎಂದ. ಮತ್ತೆ ಬರಲಿಲ್ಲ. ನನಗೆ ಗಮನಕ್ಕೆ ಬಂದದ್ದು ಇನ್ನೊಂದು: ಮೂರು ಸಲ ಫೋನ್ ಮಾಡಿದರೂ ಅವನು ಕಲ್ಲು ಸಿಕ್ಕ ಜಾಗ ಯಾವುದು, ಎಷ್ಟು ಆಳ, ಸುತ್ತ ಮಣ್ಣು ಹೇಗಿತ್ತು ಎಂದು ಕೇಳಲೇ ಇಲ್ಲ. ಕಲ್ಲು ಬಲ್ಲವರು ಮೊದಲು ಕೇಳುವುದೇ ಅದನ್ನು. ಎಲ್ಲಿಂದ ಬಂತೆಂದು ಗೊತ್ತಿಲ್ಲದ ಕಲ್ಲು ಅಡ್ರೆಸ್ ಇಲ್ಲದ ಕಾಗದದ ಹಾಗೆ.

ರಾತ್ರಿ ಊಟಕ್ಕೆ ಕೂತಾಗ ದೊಡ್ಡಪ್ಪ, ‘ಹಾಗಾದ್ರೆ ಇದಕ್ಕೆ ಬೆಲೆನೇ ಇಲ್ವಾ?’ ಎಂದು ಕೇಳಿದ. ಸರ ಉಳಿಯಿತಲ್ಲ ಎಂದು ದೊಡ್ಡಮ್ಮ ಅಂದಳು. ಆತ ಕೇಳಿದ್ದು ಅದನ್ನಲ್ಲ. ನಾನು ಸುಮ್ಮನೆ ಮುದ್ದೆ ಮುರಿದೆ.

ನಿಮ್ಮೂರಿನಲ್ಲೂ ಇಂಥ ಕಲ್ಲು ಸಿಕ್ಕರೆ ತೊಳೆದು ಎಣ್ಣೆ ಹಚ್ಚಬೇಡಿ, ಸುತ್ತಿಗೆಯಲ್ಲಿ ಒಡೆಯಬೇಡಿ. ಸಿಕ್ಕ ಜಾಗದ ಫೋಟೊ, ಪಕ್ಕದಲ್ಲಿ ಅಳತೆಗೆ ಒಂದು ನಾಣ್ಯ, ಮೊಬೈಲಿನ ಲೊಕೇಶನ್ ಇಷ್ಟಿರಲಿ. ಬೆಂಗಳೂರಿನಲ್ಲಿ ರೇಸ್‌ಕೋರ್ಸ್ ರಸ್ತೆಯ ಖನಿಜ ಭವನದಲ್ಲಿ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ ಇದೆ, ಕುಮಾರಸ್ವಾಮಿ ಲೇಔಟಿನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕಚೇರಿ ಇದೆ. ನಿಜವಾದ ಉಲ್ಕೆ ಎನಿಸಿದರೆ ತಿಳಿಸಬೇಕಾದದ್ದು ಸರ್ವೇಕ್ಷಣೆಗೇ. ಅವರದೇ ‘ಭೂಕೋಶ್’ ಎಂಬ ಜಾಲತಾಣದಲ್ಲಿ ದೇಶದ ಶಿಲಾನಕ್ಷೆಗಳು ಪುಕ್ಕಟೆಯಾಗಿ ಸಿಗುತ್ತವೆ. ಯುಪಿಎಸ್‌ಸಿಯ ಜಿಯೋ-ಸೈಂಟಿಸ್ಟ್ ಪರೀಕ್ಷೆಯ ಕನಸಿರುವವರು ಸ್ವಂತ ತಾಲ್ಲೂಕಿನ ನಕ್ಷೆಯಿಂದಲೇ ಓದು ಶುರು ಮಾಡಬಹುದು. ನಾನೂ ಹಾಗೇ ಮಾಡುತ್ತಿದ್ದೇನೆ, ಎಂ.ಎಸ್ಸಿ. ಸೀಟು ಒಂದು ಸಿಗಬೇಕಷ್ಟೆ.

ಮೊದಲ ಮಳೆ ಬಿದ್ದ ಮೇಲೆ ತಮ್ಮನ ಜೊತೆ ಹಳ್ಳಕ್ಕೆ ಹೋದೆ. ಮ್ಯಾಗ್ನೆಟ್ಟಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ಮರಳಲ್ಲಿ ಎಳೆದರೆ ಹತ್ತು ನಿಮಿಷಕ್ಕೆ ಒಂದು ಲೋಟ ಕಪ್ಪು ಮರಳು. ಕವರ್ ಬಿಚ್ಚಿದರೆ ತಾನಾಗಿ ಉದುರುತ್ತದೆ. ಹೊಂಡದ ಬದಿಯ ಮಣ್ಣಿನಲ್ಲಿ ಕಿಟ್ಟದ ಇನ್ನೂ ಹನ್ನೊಂದು ತುಂಡು ಸಿಕ್ಕಿವೆ. ಒಂದರಲ್ಲಿ ಇದ್ದಿಲಿನ ಚೂರೇ ಇದೆ. ಅದನ್ನು ಕೈ ತಾಗಿಸದೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿಟ್ಟಿದ್ದೇನೆ, ಕಾರ್ಬನ್ ಡೇಟಿಂಗ್‌ಗೆ ಆಗುತ್ತದೆ ಎಂದು. ತಿದಿಯ ಗಾಳಿ ಒಳಗೆ ಹೋಗುವ ಮಣ್ಣಿನ ಊದುಕೊಳವೆಯ ತುಂಡು ಸಿಕ್ಕರೆ ಕುಲುಮೆ ಅಲ್ಲೇ ಎಲ್ಲೋ ಇತ್ತು ಎನ್ನಬಹುದು. ಅದನ್ನು ಹುಡುಕುತ್ತಿರುವುದು ಈಗ ದೊಡ್ಡಪ್ಪ.