ಊರು ಬಿಟ್ಟವರಿಗೆ ಅಂಟಿದ ಊರು

ವ್ಯಕ್ತಿಯ ಹೆಸರು ಊರಿಗೆ ಸಂದು, ಊರಿನ ಹೆಸರು ಮತ್ತೆ ವ್ಯಕ್ತಿಗಳಿಗೆ ಸಂದ ಉದಾಹರಣೆಗಳಲ್ಲಿ ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ ಗಮನಾರ್ಹವಾದುದು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ದಂಡನಾಯಕನಾಗಿದ್ದ ಬಂಕೆಯನ ಹೆಸರಿನಿಂದ 9ನೆಯ ಶತಮಾನದಲ್ಲಿ ಈ ಪಟ್ಟಣಕ್ಕೆ ಹೆಸರಾಯಿತು. ಅವನ ಮಗ ಲೋಕಾದಿತ್ಯನು ಇಲ್ಲಿದ್ದುಕೊಂಡು ಬನವಾಸಿ ನಾಡನ್ನು ಆಳುತ್ತಿದ್ದುದನ್ನು ಗುಣಭದ್ರರ ‘ಉತ್ತರಪುರಾಣ’ದ ಪ್ರಶಸ್ತಿಭಾಗ ತಿಳಿಸುತ್ತದೆ. ಇಂದು ಬಂಕಾಪುರ ಎಂಬ ಅಡ್ಡಹೆಸರುಳ್ಳ ಮನೆತನಗಳು ಹುಬ್ಬಳ್ಳಿ-ಧಾರವಾಡದಂಥ ನಗರಗಳಲ್ಲಿ ಕಾಣಸಿಗುತ್ತವೆಯಾದರೂ ಆ ಹೆಸರು ಬಂಕೆಯನ ವಂಶವನ್ನು ಸೂಚಿಸುವುದಿಲ್ಲ. ಹಿರಿಯರು ಎಂದೋ ಆ ಊರಿನಿಂದ ಹೊರಟು ಬಂದವರು ಎಂಬುದನ್ನಷ್ಟೇ ಸೂಚಿಸುತ್ತದೆ.

ಹೆಸರುಗಳ ಹುಟ್ಟು, ಹಂಚಿಕೆ ಮತ್ತು ಅಳಿವನ್ನು ಅಭ್ಯಾಸ ಮಾಡುವ ನಾಮವಿಜ್ಞಾನವು ಇಂಥವನ್ನು ಸ್ಥಳವಾಚಿ ಅಡ್ಡಹೆಸರುಗಳೆಂದು ಕರೆಯುತ್ತದೆ. ಇವು ಸಾಮಾನ್ಯವಾಗಿ ಆಯಾ ಊರಿನೊಳಗೆ ಹುಟ್ಟುವುದಿಲ್ಲ. ಏಕೆಂದರೆ ಎಲ್ಲರೂ ಹಾನಗಲ್ಲಿನವರೇ ಆಗಿರುವ ಕಡೆ ಒಬ್ಬನನ್ನು ‘ಹಾನಗಲ್’ ಎಂದು ಕರೆದರೆ ಯಾರನ್ನೂ ಗುರುತಿಸಿದಂತಾಗುವುದಿಲ್ಲ. ವ್ಯಾಪಾರ, ಚಾಕರಿ, ಬರಗಾಲ ಅಥವಾ ಮಠದ ಓದಿನ ನೆಪದಲ್ಲಿ ಬೇರೆಡೆ ನೆಲಸಿದವರನ್ನು ಹೊಸ ನೆರೆಹೊರೆಯವರು ಮೂಲದ ಊರಿನಿಂದ ಕರೆದು, ಆ ಕರೆ ಮುಂದೆ ಶಾಲೆಯ ದಾಖಲೆಯಲ್ಲೋ ಕಂದಾಯದ ಕಡತದಲ್ಲೋ ಸೇರಿದಾಗ ಅದು ಮನೆತನದ ಹೆಸರಾಗಿ ಗಟ್ಟಿಯಾಗುತ್ತದೆ. ಕವಿ ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ಗೋಕಾಕದಲ್ಲಲ್ಲ, ಸವಣೂರಿನಲ್ಲಿ ಎಂಬುದು ಈ ನಿಯಮಕ್ಕೆ ಒಳ್ಳೆಯ ದೃಷ್ಟಾಂತ. ಆದ್ದರಿಂದ ಸ್ಥಳವಾಚಿ ಹೆಸರಿನಲ್ಲಿ ಮುಖ್ಯವಾಗಿ ಓದಬೇಕಾದದ್ದು ರಕ್ತಸಂಬಂಧವನ್ನಲ್ಲ, ವಲಸೆಯನ್ನು. ಒಂದೇ ಊರಿನಿಂದ ಬೇರೆ ಬೇರೆ ಕಾಲದಲ್ಲಿ ಹೊರಟ, ಪರಸ್ಪರ ನಂಟೇ ಇಲ್ಲದ, ಜಾತಿ-ಮತಗಳಲ್ಲಿಯೂ ಭಿನ್ನವಾದ ಕುಟುಂಬಗಳು ಒಂದೇ ಹೆಸರನ್ನು ಹೊರಬಲ್ಲವು.

ಹೆಸರು ಒಂದೇ ಆಗಿದ್ದು ಊರೇ ಬೇರೆಯಾಗಿರುವ ಸಂದರ್ಭಗಳೂ ಇವೆ. ಹಾವೇರಿ ಜಿಲ್ಲೆಯ ಸವಣೂರಲ್ಲದೆ ದಕ್ಷಿಣ ಕನ್ನಡದಲ್ಲಿಯೂ ಒಂದು ಸವಣೂರಿದೆ. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಹಂಗಳವಿದ್ದು, ರೋಮನ್ ಲಿಪಿಯಲ್ಲಿ ಬರೆದಾಗ ಅದಕ್ಕೂ ಹಾನಗಲ್ಲಿಗೂ ವ್ಯತ್ಯಾಸ ತೆಳುವಾಗುತ್ತದೆ. ‘ಶೋಲೆ’ ಚಿತ್ರದ ನಟ ಎ.ಕೆ. ಹಂಗಲ್ ಅವರದು ಕಾಶ್ಮೀರಿ ಪಂಡಿತರ ಮನೆತನವಾದ್ದರಿಂದ ಆ ಹೆಸರಿಗೂ ಕದಂಬರ ಒಂದು ಶಾಖೆ ಆಳಿದ ಹಾನಗಲ್ಲಿಗೂ ಯಾವ ಸಂಬಂಧವೂ ಇಲ್ಲ. ಇದಕ್ಕೆ ತದ್ವಿರುದ್ಧವಾಗಿ ಬಂಕಾಪುರ, ಬಂಕಾಪೂರ ಎಂಬ ಎರಡು ಬರಹಗಳು ಒಂದೇ ಹೆಸರಿನವಾದರೂ ಅಕ್ಷರವನ್ನಷ್ಟೇ ನೋಡುವ ಗಣಕಯಂತ್ರ ಅವನ್ನು ಎರಡೆಂದು ಎಣಿಸೀತು.

ಕಸುಬು ಮತ್ತು ಅಧಿಕಾರದಿಂದ ಬಂದ ಹೆಸರುಗಳಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಆಯಗಾರಿಕೆಯ ವ್ಯವಸ್ಥೆಯಲ್ಲಿ ಹಳ್ಳಿಹಳ್ಳಿಗೂ ಕಂಬಾರ, ಬಡಿಗೇರ, ಪಾಟೀಲ, ಕುಲಕರ್ಣಿ ಇರುತ್ತಿದ್ದುದರಿಂದ ಆ ಹೆಸರುಗಳು ನೂರಾರು ಕಡೆ ಸ್ವತಂತ್ರವಾಗಿ ಹುಟ್ಟಿದವು; ಇಂಗ್ಲೆಂಡಿನಲ್ಲಿ ಅತಿ ಹೆಚ್ಚು ಜನರಿಗಿರುವ ಸ್ಮಿತ್ ಎಂಬ ಅಡ್ಡಹೆಸರೂ ಕಂಬಾರನದೇ. ಒಂದು ಅಡ್ಡಹೆಸರಿಗೆ ಒಬ್ಬನೇ ಮೂಲಪುರುಷನೋ ಹಲವರೋ ಎಂಬುದನ್ನು ತಿಳಿಯಲು ತಳಿವಿಜ್ಞಾನಿಗಳು ವೈ ವರ್ಣತಂತುವನ್ನು, ಅಂದರೆ ತಂದೆಯಿಂದ ಮಗನಿಗೆ ಬಹುಮಟ್ಟಿಗೆ ಬದಲಾಗದೆ ಸಾಗುವ ಡಿಎನ್‌ಎ ಎಳೆಯನ್ನು ಪರೀಕ್ಷಿಸುತ್ತಾರೆ. ಆಕ್ಸ್‌ಫರ್ಡಿನ ಬ್ರಯನ್ ಸೈಕ್ಸ್ 2000ದಲ್ಲಿ ತಮ್ಮದೇ ಅಡ್ಡಹೆಸರುಳ್ಳ 48 ಗಂಡಸರನ್ನು ಪರೀಕ್ಷಿಸಿದಾಗ, ತೊರೆಯನ್ನು ಸೂಚಿಸುವ ಆ ಹೆಸರು ಹಲವು ಕಡೆ ಹುಟ್ಟಿರಬಹುದೆಂಬ ನಂಬಿಕೆಗೆ ವ್ಯತಿರಿಕ್ತವಾಗಿ, ಅವರಲ್ಲಿ ಸುಮಾರು ಅರ್ಧದಷ್ಟು ಜನ ಒಂದೇ ಬಗೆಯ ವೈ ವರ್ಣತಂತುವನ್ನು ಹೊಂದಿದ್ದರು. ಲೆಸ್ಟರ್ ವಿಶ್ವವಿದ್ಯಾಲಯದ ಟೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 2009ರಲ್ಲಿ 40 ಅಡ್ಡಹೆಸರುಗಳ ಮೇಲೆ ನಡೆಸಿದ ವಿಸ್ತಾರವಾದ ಅಧ್ಯಯನದಲ್ಲಿ, ಅಪರೂಪದ ಹೆಸರುಳ್ಳವರಲ್ಲಿ ಇಂಥ ಸಾಮ್ಯ ಹೆಚ್ಚಾಗಿಯೂ ಸ್ಮಿತ್‌ರಂಥವರಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಾಗಿಯೂ ಕಂಡಿತು.

ಹೆಸರುಗಳು ಅಳಿಯುವುದಕ್ಕೂ ಗಣಿತವಿದೆ. ಫ್ರಾನ್ಸಿಸ್ ಗಾಲ್ಟನ್ ಕೇಳಿದ ಪ್ರಶ್ನೆಯನ್ನು ಹೆನ್ರಿ ವಾಟ್ಸನ್ ಬಿಡಿಸಿ, ಇಬ್ಬರೂ 1874ರಲ್ಲಿ ಪ್ರಕಟಿಸಿದ ಲೆಕ್ಕಾಚಾರದ ಪ್ರಕಾರ, ಸರಾಸರಿ ಒಬ್ಬ ಗಂಡಿಗೆ ಒಬ್ಬನೇ ಮಗನಿದ್ದರೆ, ಕೆಲವರಿಗೆ ಗಂಡುಮಕ್ಕಳಿಲ್ಲದಿರುವ ಆಕಸ್ಮಿಕವೊಂದರಿಂದಲೇ ಎಲ್ಲ ವಂಶನಾಮಗಳೂ ಕಾಲಕ್ರಮದಲ್ಲಿ ನಿಂತುಹೋಗುತ್ತವೆ. ಜನಸಂಖ್ಯೆ ಬೆಳೆಯುತ್ತಿದ್ದರೂ ಹೀಗೆಯೇ ಆಗುವುದೆಂದು ವಾಟ್ಸನ್ ತಪ್ಪಾಗಿ ತೀರ್ಮಾನಿಸಿದ್ದರು.

ಅಡ್ಡಹೆಸರಿನ ವಿಜ್ಞಾನ ಕನ್ನಡ ನಾಡಿನಲ್ಲಿ ನಿಜವಾಗಿ ಎಡವುವುದು ಮದುವೆಯ ವಿಷಯದಲ್ಲಿ. ಒಡಹುಟ್ಟಿದವರ ಮಕ್ಕಳನ್ನೇ ತಂದೆತಾಯಿಯರಾಗಿ ಪಡೆದಿದ್ದ ಜಾರ್ಜ್ ಡಾರ್ವಿನ್ (ಚಾರ್ಲ್ಸ್ ಡಾರ್ವಿನ್ನರ ಮಗ) 1875ರಲ್ಲಿ, ಒಂದೇ ಅಡ್ಡಹೆಸರಿನ ವಧೂವರರ ಪ್ರಮಾಣದಿಂದ ಒಳಸಂಬಂಧದ ಮದುವೆಗಳನ್ನು ಅಂದಾಜಿಸುವ ಉಪಾಯ ಹೂಡಿದರು. 1965ರಲ್ಲಿ ಜೇಮ್ಸ್ ಕ್ರೋ ಮತ್ತು ಆರ್ಥರ್ ಮ್ಯಾಂಜ್ ಅದನ್ನು ತಳಿಶಾಸ್ತ್ರದ ಸೂತ್ರವಾಗಿಸಿದರು. ಒಡಹುಟ್ಟಿದವರ ಮಕ್ಕಳ ನಡುವಣ ನಾಲ್ಕು ಬಗೆಯ ಸಂಬಂಧಗಳಲ್ಲಿ ಅಣ್ಣತಮ್ಮಂದಿರ ಮಕ್ಕಳಿಗೆ ಮಾತ್ರ ಒಂದೇ ಅಡ್ಡಹೆಸರಿರುತ್ತದೆ ಎಂಬುದು ಈ ಸೂತ್ರದ ಆಧಾರ. ಆದರೆ ಇಲ್ಲಿಯ ಬಹುಪಾಲು ಹಿಂದೂ ಸಮುದಾಯಗಳಲ್ಲಿ ದೊಡ್ಡಪ್ಪ-ಚಿಕ್ಕಪ್ಪಂದಿರ ಮಕ್ಕಳು ಅಣ್ಣತಂಗಿಯರೇ ಆಗಿದ್ದು ಅವರೊಳಗೆ ಮದುವೆ ನಿಷಿದ್ಧ. ನಡೆಯುವುದು ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳೊಂದಿಗೆ, ಇಲ್ಲವೇ ಸೋದರಮಾವನೊಂದಿಗೇ. ಈ ಮೂರರಲ್ಲಿಯೂ ವಧೂವರರ ಅಡ್ಡಹೆಸರು ಸಾಮಾನ್ಯವಾಗಿ ಬೇರೆಬೇರೆ. ಸೋದರಮಾವ-ಸೊಸೆಯರ ಮಕ್ಕಳಲ್ಲಿ ಒಳಸಂತಾನ ಗುಣಾಂಕ, ಎಂದರೆ ಒಂದು ಜೀನಿನ ಎರಡು ಪ್ರತಿಗಳೂ ಒಂದೇ ಪೂರ್ವಜರಿಂದ ಬಂದಿರುವ ಸಂಭವ, 1/8 ಇದ್ದು, ಇಂಗ್ಲೆಂಡಿನಲ್ಲಿ ಎಣಿಸಲಾದ, ಒಡಹುಟ್ಟಿದವರ ಮಕ್ಕಳ ನಡುವಣ ಮದುವೆಗಳ 1/16ಕ್ಕಿಂತ ಇಮ್ಮಡಿಯಾಗಿದ್ದರೂ, ಡಾರ್ವಿನ್ನರ ಉಪಾಯಕ್ಕೆ ಅದು ಕಾಣುವುದೇ ಇಲ್ಲ.

ಹೆಸರು ಗಂಡಿನಿಂದ ಗಂಡಿಗೇ ಸಾಗುತ್ತದೆಂಬ ಊಹೆಯೂ ಎಲ್ಲೆಡೆ ನಿಲ್ಲುವುದಿಲ್ಲ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಾಯಕಿ ಗಂಗೂಬಾಯಿ ಹಾನಗಲ್ ಅವರ ತಂದೆ ಚಿಕ್ಕೂರಾವ್ ನಾಡಿಗೇರ, ಪತಿ ಗುರುರಾವ್ ಕೌಲಗಿ. ಆದರೆ ಲೋಕಕ್ಕೆ ಅವರು ಪರಿಚಿತರಾದದ್ದು ಈ ಎರಡೂ ಹೆಸರುಗಳಿಂದಲ್ಲ, ತಾಯಿ ಅಂಬಾಬಾಯಿಯವರ ಕಡೆಯ ಮೂಲಸ್ಥಾನದ ಹೆಸರಿನಿಂದ, ಮತ್ತು ಅದನ್ನೇ ಮಗಳು ಕೃಷ್ಣಾ ಹಾನಗಲ್ ಕೂಡ ಸಂಗೀತಲೋಕದಲ್ಲಿ ಮುಂದುವರಿಸಿದರು. ಇಂಥ ಮನೆತನದ ಜಾಡನ್ನು ವೈ ವರ್ಣತಂತುವಿನಿಂದ ಹಿಡಿಯಲಾಗದು. ಅದಕ್ಕೆ ತಾಯಿಯಿಂದಷ್ಟೇ ಮಕ್ಕಳಿಗೆ ಬರುವ ಮೈಟೊಕಾಂಡ್ರಿಯದ ಡಿಎನ್‌ಎಯನ್ನು ನೋಡಬೇಕಾಗುತ್ತದೆ.